ಜೂಲಿಯಾಗೆ ಸಿಕ್ಕ ಸ್ವಂತ ಹೆಸರು

ಇಟಲಿಯಲ್ಲಿ 2022ರಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಇಟ್ಟ ಹೆಸರುಗಳು ಮೂರು: ಸೋಫಿಯಾ, ಆರೋರಾ, ಜೂಲಿಯಾ. ಸೋಫಿಯಾ ಗ್ರೀಕರದು. ಆರೋರಾ ರೋಮನ್ನರ ಮುಂಜಾವಿನ ದೇವತೆ. ಜೂಲಿಯಾ ಮಾತ್ರ ಅಪ್ಪಟ ರೋಮನ್ ಮನೆತನದ ಹೆಸರು. ಜೂಲಿಯಸ್ ಸೀಸರ್ ಹುಟ್ಟುವ ಮೊದಲೇ ಅದಿತ್ತು. ಸಾಮ್ರಾಜ್ಯ ಬಿದ್ದುಹೋದ ಮೇಲೂ ಉಳಿಯಿತು. ಇವತ್ತು ಇಟಲಿಯ ಯಾವುದೇ ಪಾರ್ಕಿನಲ್ಲಿ ನಿಂತು "ಜೂಲಿಯಾ" ಎಂದು ಕೂಗಿದರೆ ಒಬ್ಬರಲ್ಲ ಒಬ್ಬರು ತಿರುಗಿ ನೋಡುತ್ತಾರೆ.

ಸೀಸರನ ಮನೆಯಲ್ಲಿ ಕೂಗಿದ್ದರೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಅವನ ಸೋದರತ್ತೆಯ ಹೆಸರು ಜೂಲಿಯಾ. ಅವನ ಜೊತೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಜೂಲಿಯಾ. ಅವನ ಮಗಳೂ ಜೂಲಿಯಾ. ಮುಂದೆ ಅವನ ದತ್ತುಮಗ ಆಗಸ್ಟಸ್‌ಗೆ ಮಗಳು ಹುಟ್ಟಿದಾಗ ಅವಳೂ ಜೂಲಿಯಾ ಆದಳು. ಅದು ಯಾರೋ ಕೂತು, ಯೋಚಿಸಿ, ಆಸೆಪಟ್ಟು ಇಟ್ಟ ಹೆಸರಲ್ಲ. ಜೂಲಿಯಸ್ ಕುಲದಲ್ಲಿ ಹುಟ್ಟಿದ ಹೆಣ್ಣು ಎಂಬುದಕ್ಕೆ ಹಾಕಿದ ಗುರುತು, ಅಷ್ಟೇ.

ನನಗೆ ಈ ವಿಷಯದ ಹುಚ್ಚು ಹಿಡಿಸಿದ್ದು ನನ್ನ ಅಕ್ಕನ ಮಗಳು. ಅವಳು ಇಟಲಿಯ ಟೊರಿನೊದಲ್ಲಿದ್ದಾಳೆ, ಗಂಡ ಅಲ್ಲಿಯವನೇ. ಮಗು ಹುಟ್ಟುವುದಕ್ಕೆ ಇನ್ನೂ ಸಮಯವಿದೆ, ಆದರೆ ಹೆಸರಿನ ಮಾತು ಆಗಲೇ ಶುರುವಾಗಿದೆ. "ಚಿಕ್ಕಮ್ಮ, ಯಾವುದು ಚೆನ್ನಾಗಿದೆ ಹೇಳು" ಎಂದು ಒಂದು ಪಟ್ಟಿ ಕಳಿಸಿದಳು. ಜೂಲಿಯಾ, ಒತ್ತಾವಿಯಾ, ಲಿವಿಯಾ, ಫ್ಲಾವಿಯಾ. ಗಂಡಾದರೆ ಮಾರ್ಕೊ, ಫೆಲಿಚೆ, ಚೇಸರೆ. ನೋಡಿದ ಕೂಡಲೇ ಒಂದೊಂದರ ಹಿಂದೆಯೂ ಯಾರೋ ನಿಂತಿದ್ದಾರೆ ಅನ್ನಿಸಿತು. ಅವರು ಯಾರು ಎಂದು ತಿಳಿಯದೆ ಉತ್ತರ ಕೊಡಲು ಮನಸ್ಸಾಗಲಿಲ್ಲ.

ರೋಮನ್ ಗಂಡಸಿಗೆ ಸಾಮಾನ್ಯವಾಗಿ ಮೂರು ಹೆಸರು. ಸೀಸರನ ಕಾಲದ ಭಾಷಣಕಾರ ಮಾರ್ಕಸ್ ತುಲ್ಲಿಯಸ್ ಸಿಸೆರೊ ಎಂದರೆ, ಮಾರ್ಕಸ್ ಅವನದು, ತುಲ್ಲಿಯಸ್ ಕುಲದ್ದು, ಸಿಸೆರೊ ಆ ಕುಲದ ಒಂದು ಕವಲಿನದು. ಅವನದು ಎನ್ನುವ ಆ ಮೊದಲ ಹೆಸರಿಗೂ ಹೆಚ್ಚು ಆಯ್ಕೆ ಇರಲಿಲ್ಲ. ಗಣರಾಜ್ಯದ ಕೊನೆಯ ಹೊತ್ತಿಗೆ ಬಳಕೆಯಲ್ಲಿದ್ದದ್ದು ಸುಮಾರು 18 ಹೆಸರುಗಳು. ಮಾರ್ಕಸ್, ಲೂಸಿಯಸ್, ಗಾಯಸ್, ಪಬ್ಲಿಯಸ್, ಕ್ವಿಂಟಸ್, ಟೈಟಸ್, ಹೀಗೆ. ಎಲ್ಲರಿಗೂ ಬಾಯಿಪಾಠವಾಗಿದ್ದರಿಂದ ಕಲ್ಲಿನ ಮೇಲೆ ಕೆತ್ತುವಾಗ ಒಂದೆರಡು ಅಕ್ಷರ ಹಾಕಿದರೆ ಸಾಕಾಗುತ್ತಿತ್ತು. ಹಿರಿಮಗನಿಗೆ ಅಪ್ಪನ ಹೆಸರೇ ಬರುವುದು ರೂಢಿ. ಗಂಡುಮಗುವಿಗೆ ಒಂಬತ್ತನೆಯ ದಿನ, ಹೆಣ್ಣುಮಗುವಿಗೆ ಎಂಟನೆಯ ದಿನ ಶುದ್ಧಿ ಮಾಡಿ ಹೆಸರಿಡುತ್ತಿದ್ದರು. ಪುಣ್ಯಾಹ ಮುಗಿಸಿ ಮಗುವನ್ನು ತೊಟ್ಟಿಲಿಗೆ ಹಾಕುವ ನಮಗೆ ಇದೇನೂ ಹೊಸದಲ್ಲ, ಅಲ್ವಾ?

ಆದರೆ ಹೆಣ್ಣುಮಗುವಿನ ವಿಷಯದಲ್ಲಿ ಆ ಎಂಟನೆಯ ದಿನ ಆರಿಸುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ. ಅಪ್ಪ ತುಲ್ಲಿಯಸ್ ಆದರೆ ಮಗಳು ತುಲ್ಲಿಯಾ. ಅಪ್ಪ ಆಂಟೋನಿಯಸ್ ಆದರೆ ಮಗಳು ಆಂಟೋನಿಯಾ. ಇಬ್ಬರು ಹೆಣ್ಣುಮಕ್ಕಳಿದ್ದರೆ ದೊಡ್ಡ ಆಂಟೋನಿಯಾ, ಚಿಕ್ಕ ಆಂಟೋನಿಯಾ. ಮೂರನೆಯವಳು ತೆರ್ತಿಯಾ, ಅಂದರೆ ಮೂರನೆಯವಳು ಎಂದೇ. ಬ್ರೂಟಸ್‌ನ ತಂಗಿ, ಒಂದೇ ತಾಯಿಯ ಮಗಳು, ಯೂನಿಯಾ ತೆರ್ತಿಯಾ. ಬ್ರೂಟಸ್ ಜೊತೆ ಸೇರಿ ಸೀಸರನನ್ನು ಕೊಂದ ಕ್ಯಾಸಿಯಸ್‌ನ ಹೆಂಡತಿ ಅವಳು. ಗಂಡ ಸತ್ತು 60 ವರ್ಷ ದಾಟಿದ ಮೇಲೂ ಬದುಕಿದ್ದು, ಕ್ರಿ.ಶ. 22ರಲ್ಲಿ ತೀರಿಕೊಂಡಳು. ಗಣರಾಜ್ಯ ಹೋಗಿ ಚಕ್ರವರ್ತಿಗಳು ಬಂದದ್ದನ್ನು ಪೂರ್ತಿ ಕಣ್ಣಾರೆ ಕಂಡ ಹೆಂಗಸು. ಇತಿಹಾಸದಲ್ಲಿ ಅವಳಿಗೆ ಉಳಿದದ್ದು ಒಂದು ಕುಲದ ಹೆಸರು ಮತ್ತು ಒಂದು ಕ್ರಮಸಂಖ್ಯೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ಈಗಿನ ಇಟಲಿಯ ಕಾನೂನನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2000ನೇ ಇಸವಿಯ ನಾಗರಿಕ ನೋಂದಣಿ ನಿಯಮಗಳ 34ನೇ ಕಲಮು ಹೆಸರಿನ ಬಗ್ಗೆ ಕೆಲವು ಕಟ್ಟುಪಾಡು ಹಾಕಿದೆ. ಬದುಕಿರುವ ಅಪ್ಪನ ಹೆಸರನ್ನು ಮಗುವಿಗೆ ಇಡುವಂತಿಲ್ಲ. ಬದುಕಿರುವ ಅಣ್ಣ, ಅಕ್ಕಂದಿರ ಹೆಸರನ್ನು ಇಡುವಂತಿಲ್ಲ. ಮನೆತನದ ಹೆಸರನ್ನೇ ಮಗುವಿನ ಸ್ವಂತ ಹೆಸರಾಗಿ ಇಡುವಂತಿಲ್ಲ. ನಗೆಗೀಡಾಗುವ, ನಾಚಿಕೆ ತರುವ ಹೆಸರೂ ಕೂಡದು. ಹಳೇ ರೋಮ್ ಮಾಡುತ್ತಿದ್ದದ್ದು ಸರಿಯಾಗಿ ಈ ನಾಲ್ಕನ್ನೇ! ಅಪ್ಪನ ಹೆಸರು ಮಗನಿಗೆ, ಅಕ್ಕನ ಹೆಸರು ತಂಗಿಗೆ, ಕುಲದ ಹೆಸರು ಹೆಣ್ಣುಮಕ್ಕಳೆಲ್ಲರಿಗೆ. ನಾಲ್ಕನೆಯದರ ಮಾತಿಗೆ ಆಮೇಲೆ ಬರುತ್ತೇನೆ. ಹಾಗಾಗಿ ಇವತ್ತಿನ ಜೂಲಿಯಾಗೆ ಆ ಹಳೆಯ ಜೂಲಿಯಾಗಳಿಗೆ ಇಲ್ಲದ್ದೊಂದು ಇದೆ. ಅವಳ ಮನೆಯಲ್ಲಿ ಅವಳೊಬ್ಬಳೇ ಜೂಲಿಯಾ. ಅಪ್ಪ ಅಮ್ಮ ಇಬ್ಬರೂ ಕೂತು, ಬೇರೆ ಹತ್ತು ಹೆಸರು ಬಿಟ್ಟು, ಇದನ್ನೇ ಅವಳಿಗೆಂದು ಆರಿಸಿದ್ದಾರೆ.

ಹಾಗಂತ ರೋಮನ್ನರಿಗೆ ಹೆಣ್ಣುಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಎನ್ನಲು ಆಗುವುದಿಲ್ಲ. ಸಿಸೆರೊ ತನ್ನ ಗೆಳೆಯ ಅಟ್ಟಿಕಸ್‌ಗೆ ಬರೆದ ಪತ್ರಗಳು ಉಳಿದಿವೆ. ಕ್ರಿ.ಪೂ. 67ರ ಒಂದು ಪತ್ರದ ಕೊನೆಯಲ್ಲಿ ಮಗಳ ವಿಷಯ ಬರುತ್ತದೆ. ನೀನು ಕೊಡ್ತೀನಿ ಎಂದ ಉಡುಗೊರೆ ಎಲ್ಲಿ ಎಂದು ನಮ್ಮ ಮುದ್ದು ಕೇಳುತ್ತಿದ್ದಾಳೆ, ನಾನೇ ಜಾಮೀನು ಎಂಬಂತೆ ನನ್ನ ಬೆನ್ನು ಹತ್ತಿದ್ದಾಳೆ ಎಂದು ಬರೆಯುತ್ತಾನೆ. ಅಲ್ಲಿ ಅವನು ತುಲ್ಲಿಯಾ ಎನ್ನುವುದಿಲ್ಲ, ತುಲ್ಲಿಯೋಲಾ ಎನ್ನುತ್ತಾನೆ. ಪುಟ್ಟ ತುಲ್ಲಿಯಾ. ನಮ್ಮ ಮನೆಗಳಲ್ಲಿ ದಾಖಲೆಯ ಹೆಸರು ಏನೇ ಇರಲಿ ಪುಟ್ಟಿ, ಚಿನ್ನು ಎಂದು ಕರೆಯುತ್ತೇವಲ್ಲ, ಅದೇ. ಕುಲದ ಗುರುತನ್ನೇ ಸ್ವಲ್ಪ ಮೆತ್ತಗೆ ಮಾಡಿ ಮಗಳಿಗೆ ಅಂತ ಒಂದು ಹೆಸರು ಮಾಡಿಕೊಂಡಿದ್ದ ಆ ಅಪ್ಪ.

ಆ ತುಲ್ಲಿಯಾಗೆ ಮೂರು ಮದುವೆಯಾಯಿತು. ಯಾವುದೂ ನೆಟ್ಟಗೆ ಉಳಿಯಲಿಲ್ಲ. ಕ್ರಿ.ಪೂ. 45ರ ಜನವರಿಯಲ್ಲಿ ಅವಳಿಗೆ ಗಂಡುಮಗು ಹುಟ್ಟಿತು. ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ರೋಮ್ ಗಣರಾಜ್ಯದ ದೊಡ್ಡ ಮಾತುಗಾರ, ಒಮ್ಮೆ ಕಾನ್ಸಲ್, ಅಂದರೆ ಅಲ್ಲಿಯ ಅತ್ಯುನ್ನತ ಅಧಿಕಾರಿ, ಆಗಿದ್ದವನು, ಸಮುದ್ರದ ಪಕ್ಕದ ಆಸ್ತೂರಾ ಎಂಬಲ್ಲಿ ಹೋಗಿ ಕೂತ. ಬೆಳಗ್ಗೆ ಎದ್ದು ದಟ್ಟ ಕಾಡಿಗೆ ನುಗ್ಗಿದರೆ ಸಂಜೆಯವರೆಗೆ ಹೊರಗೆ ಬರುವುದಿಲ್ಲ ಎಂದು ಅದೇ ಅಟ್ಟಿಕಸ್‌ಗೆ ಬರೆದ. ಮಗಳಿಗೆ ಸಮಾಧಿ ಬೇಡ, ಗುಡಿ ಕಟ್ಟಿಸುತ್ತೇನೆ ಎಂದು ಹಟ ಹಿಡಿದ, ಜಾಗ ಹುಡುಕಿಸಿದ. ಗುಡಿ ಏಳಲಿಲ್ಲ. ಆದರೆ ಈ ಪತ್ರಗಳಿಂದಾಗಿ ರೋಮಿನ ಸಾವಿರಾರು ತುಲ್ಲಿಯಾಗಳಲ್ಲಿ ಇವಳೊಬ್ಬಳು ನಮಗೆ ಬೇರೆಯಾಗಿ ಕಾಣುತ್ತಾಳೆ. ಅಟ್ಟಿಕಸ್ ಎಂಬ ಹೆಸರನ್ನು ಈಗ ಅಮೆರಿಕದಲ್ಲಿ ಗಂಡುಮಕ್ಕಳಿಗೆ ಇಷ್ಟಪಟ್ಟು ಇಡುತ್ತಾರೆ. ತುಲ್ಲಿಯಾ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಬೀಳಬೇಕಿತ್ತು.

ಈಗ ಆ ನಾಲ್ಕನೆಯದು. ರೋಮನ್ನರ ಮೂರನೆಯ ಹೆಸರು ಬಹಳ ಸಲ ಯಾರೋ ಅಜ್ಜನಿಗೆ ಇಟ್ಟ ಅಡ್ಡಹೆಸರು. ಅದೇ ಮುಂದೆ ಮನೆಯವರಿಗೆಲ್ಲ ಅಂಟಿಕೊಂಡದ್ದು. ಕ್ರಾಸಸ್ ಎಂದರೆ ದಪ್ಪಗಿರುವವನು. ಸ್ಟ್ರಾಬೊ ಮೆಳ್ಳೆಗಣ್ಣಿನವನು. ಬಾಲ್ಬಸ್ ತೊದಲುವವನು. ಕವಿ ಓವಿಡ್‌ನ ಮನೆಯವರು ನಾಸೊ, ಅಂದರೆ ಮೂಗಿನವರು. ಸಿಸೆರೊ ಎಂದರೆ ಕಡಲೆಕಾಳು. ಅವನ ಪೂರ್ವಿಕನೊಬ್ಬನ ಮೂಗಿನ ತುದಿಯಲ್ಲಿ ಕಡಲೆಯ ಹಾಗೆ ಒಂದು ಸೀಳು ಇತ್ತಂತೆ. ರಾಜಕೀಯಕ್ಕೆ ಬರುವಾಗ ಈ ಹೆಸರು ಬಿಟ್ಟುಬಿಡು ಎಂದು ಗೆಳೆಯರು ಹೇಳಿದರಂತೆ. ಬಿಡುವುದಿಲ್ಲ, ದೊಡ್ಡ ದೊಡ್ಡ ಮನೆತನದ ಹೆಸರಿಗಿಂತ ಇದನ್ನೇ ಮೇಲೆ ತರುತ್ತೇನೆ ಎಂದನಂತೆ ಅವನು. ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದಾಗ ದೇವರಿಗೆ ಬೆಳ್ಳಿಯ ಪಾತ್ರೆ ಕೊಟ್ಟ. ಅದರ ಮೇಲೆ ಮಾರ್ಕಸ್, ತುಲ್ಲಿಯಸ್ ಎಂದು ಬರೆಸಿ, ಮೂರನೆಯ ಹೆಸರಿನ ಜಾಗದಲ್ಲಿ ಒಂದು ಕಡಲೆಕಾಳು ಕೆತ್ತಿಸಿದ ಎಂದು ಹಳೆಯ ಗ್ರೀಕ್ ಚರಿತ್ರೆಕಾರ ಪ್ಲುಟಾರ್ಕ್ ಹೇಳುತ್ತಾನೆ. ನನಗೆ ಈ ಕಥೆ ತುಂಬಾ ಇಷ್ಟ.

ಕ್ಲಾಡಿಯಾ ಎಂಬುದಕ್ಕೂ ಕುಂಟು ಎಂಬ ಲ್ಯಾಟಿನ್ ಪದಕ್ಕೂ ನಂಟು ಹೇಳುತ್ತಾರೆ, ಸಿಸಿಲಿಯಾಗೂ ಕುರುಡಿಗೂ ಹಾಗೆಯೇ. ಮಗುವಿಗೆ ಇಂಥ ಹೆಸರೇ ಎಂದು ಹೆದರುವವರಿದ್ದಾರೆ. ಅರ್ಥ ನೋಡಿಯೇ ಹೆಸರಿಡುವ ಮನೆಯಲ್ಲಿ ಬೆಳೆದವಳು ನಾನೂ. ಆದರೆ ಈ ಹೆಸರುಗಳ ವಿಷಯದಲ್ಲಿ ಅರ್ಥ ಎಂದೋ ಸವೆದುಹೋಗಿದೆ. ಉಳಿದಿರುವುದು ಹೊತ್ತವರ ನೆನಪು. ಒತ್ತಾವಿಯಾ ಎಂಬುದು ಎಂಟನೆಯವಳು ಎಂಬ ಪದದಿಂದ ಬಂದದ್ದು, ಆದರೆ ಮಗಳಿಗೆ ಹಾಗೆಂದಿಡಲು ಮೊದಲು ಏಳು ಮಕ್ಕಳಾಗಿರಬೇಕಿಲ್ಲ.

ಹೊತ್ತವರ ನೆನಪಿನ ಭಯ ರೋಮನ್ನರಿಗೂ ಇತ್ತು. ಕ್ಲಿಯೋಪಾತ್ರಾಳ ಜೊತೆ ಸೇರಿ ಸೋತ ಮಾರ್ಕಸ್ ಆಂಟೋನಿಯಸ್ ಕ್ರಿ.ಪೂ. 30ರಲ್ಲಿ ಸತ್ತಾಗ, ಇನ್ನು ಮುಂದೆ ಆಂಟೋನಿಯಸ್ ಕುಲದಲ್ಲಿ ಯಾರಿಗೂ ಮಾರ್ಕಸ್ ಎಂದು ಇಡಬಾರದು ಎಂದು ಸೆನೆಟ್ ನಿರ್ಣಯ ಮಾಡಿತು. ಕ್ರಿ.ಶ. 20ರಲ್ಲಿ ಗ್ನೇಯಸ್ ಪಿಸೊ ಎಂಬವನು ವಿಚಾರಣೆಯ ನಡುವೆ ಸತ್ತು ಅಪರಾಧಿ ಎನಿಸಿಕೊಂಡ ಮೇಲೆ, ಅಪ್ಪನ ಹೆಸರೇ ಇದ್ದ ಅವನ ಮಗ ಅದನ್ನು ಬಿಡಬೇಕಾಯಿತು. ಅವನು ಲೂಸಿಯಸ್ ಆದ. ಗಂಡಸರ ಹೆಸರಿಗೆ ಇಷ್ಟೆಲ್ಲ ಕಾವಲು. ಅತ್ತ ಮಾರ್ಕಸ್ ಆಂಟೋನಿಯಸ್‌ನ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಆಂಟೋನಿಯಾ, ಅಪ್ಪನ ಕುಲದ ಹೆಸರು ಹೊತ್ತುಕೊಂಡು ರೋಮಿನಲ್ಲೇ ಬೆಳೆದರು. ಕಿರಿಯಳ ಮಗ ಕ್ಲಾಡಿಯಸ್ ಚಕ್ರವರ್ತಿಯಾದ, ಅವಳ ಮೊಮ್ಮಗ ಕಲಿಗುಲ ಚಕ್ರವರ್ತಿಯಾದ. ಹಿರಿಯಳ ಮೊಮ್ಮಗ ನೀರೋ.

ಇಷ್ಟು ಹೊತ್ತು ಹೇಳಿದ್ದು ಉಳ್ಳವರ ಮನೆಯ ಕಥೆ. ರೋಮಿನಲ್ಲಿ ಹೆಸರಿನ ಮೇಲೆ ಏನೂ ಹಕ್ಕಿಲ್ಲದವರು ಗುಲಾಮರು. ಕೊಂಡವನು ಏನು ಕರೆದರೆ ಅದೇ. ಫೆಲಿಕ್ಸ್ ಅಂದರೆ ಭಾಗ್ಯವಂತ, ಹಿಲಾರಸ್ ಅಂದರೆ ಖುಷಿಯಾಗಿರುವವನು, ಫಾರ್ಚುನೇಟಸ್ ಅಂದರೆ ಅದೃಷ್ಟವಂತ. ಇವೆಲ್ಲ ಗುಲಾಮರಿಗೆ ಇಡುತ್ತಿದ್ದ ಹೆಸರುಗಳು. ಅದೇ ಫೆಲಿಕ್ಸ್ ಅನ್ನು ಸರ್ವಾಧಿಕಾರಿ ಸುಲ್ಲಾ ತನಗೆ ಬಿರುದಾಗಿ ಇಟ್ಟುಕೊಂಡಿದ್ದ. ಬಿಡುಗಡೆಯಾದ ಗುಲಾಮನಿಗೆ ಯಜಮಾನನ ಎರಡು ಹೆಸರು ಮುಂದೆ ಸೇರುತ್ತಿತ್ತು. ಸಿಸೆರೊನ ಬರವಣಿಗೆಯನ್ನೆಲ್ಲ ನೋಡಿಕೊಳ್ಳುತ್ತಿದ್ದ ಟೀರೊ ಕ್ರಿ.ಪೂ. 53ರಲ್ಲಿ ಬಿಡುಗಡೆಯಾಗಿ ಮಾರ್ಕಸ್ ತುಲ್ಲಿಯಸ್ ಟೀರೊ ಆದ.

ಮುಂದೆ 17, 18ನೇ ಶತಮಾನಗಳಲ್ಲಿ ಇಂಗ್ಲೆಂಡಿನವರೂ ಅಮೆರಿಕದ ತೋಟದ ಯಜಮಾನರೂ ಆಫ್ರಿಕಾದಿಂದ ಹಿಡಿದು ತಂದ ಜನರಿಗೆ ಸೀಸರ್, ಪಾಂಪಿ, ಕೇಟೊ, ಜ್ಯೂಪಿಟರ್ ಎಂದು ಹೆಸರಿಟ್ಟರು. ತಾವು ಲ್ಯಾಟಿನ್ ಓದಿದವರು ಎಂದು ತೋರಿಸಿಕೊಳ್ಳಲು ಮನುಷ್ಯರ ಮೇಲೆ ಹಚ್ಚಿದ ಚೀಟಿ ಅದು. ಬ್ರಿಸ್ಟಲ್ ಹತ್ತಿರದ ಹೆನ್‌ಬರಿಯ ಚರ್ಚಿನ ಅಂಗಳದಲ್ಲಿ ಒಂದು ಸಮಾಧಿಯಿದೆ. ಸಫಕ್‌ನ ಅರ್ಲ್‌ನ ಮನೆಯಲ್ಲಿ ಸೇವಕನಾಗಿದ್ದ ಆಫ್ರಿಕಾ ಮೂಲದ ಹುಡುಗನದು. 1720ರ ಡಿಸೆಂಬರ್ 21ರಂದು, 18ನೇ ವಯಸ್ಸಿಗೆ ಸತ್ತ. ಕಲ್ಲಿನ ಮೇಲಿರುವ ಹೆಸರು ಸಿಪಿಯೊ ಆಫ್ರಿಕಾನಸ್. ಕ್ರಿ.ಪೂ. 202ರಲ್ಲಿ ಆಫ್ರಿಕಾದ ನೆಲದಲ್ಲಿ ಹ್ಯಾನಿಬಲ್‌ನನ್ನು ಸೋಲಿಸಿದ್ದಕ್ಕೆ ರೋಮನ್ ಸೇನಾಪತಿಗೆ ಸಿಕ್ಕ ಬಿರುದು ಆಫ್ರಿಕಾನಸ್. ಆಫ್ರಿಕಾವನ್ನು ಗೆದ್ದವನ ಹೆಸರನ್ನು ಆಫ್ರಿಕಾದ ಹುಡುಗನಿಗೆ ಇಟ್ಟರು. ಅವನ ತಾಯಿ ಅವನನ್ನು ಏನೆಂದು ಕರೆದಿದ್ದಳು ಎಂಬುದು ಆ ಕಲ್ಲಿನ ಮೇಲಿಲ್ಲ.

ಬಾಕ್ಸರ್ ಮೊಹಮ್ಮದ್ ಅಲಿ 1942ರಲ್ಲಿ ಹುಟ್ಟಿದಾಗ ಅವನ ಹೆಸರು ಕ್ಯಾಸಿಯಸ್ ಮಾರ್ಸೆಲಸ್ ಕ್ಲೇ. ಮೊದಲ ಎರಡೂ ರೋಮನ್. 1964ರಲ್ಲಿ ವಿಶ್ವ ಚಾಂಪಿಯನ್ ಆದ ಕೂಡಲೇ ಆ ಹೆಸರನ್ನು ಬಿಟ್ಟ. ಅದು ಗುಲಾಮಗಿರಿಯ ಹೆಸರು, ನಾನು ಆರಿಸಿದ್ದಲ್ಲ ಎಂದ. ಇಲ್ಲಿ ಒಂದು ತೊಡಕಿದೆ. ಅವನ ಅಪ್ಪನಿಗೂ ಅದೇ ಹೆಸರು. ಅದು ಬಂದದ್ದು ಕೆಂಟಕಿಯ ಒಬ್ಬ ಬಿಳಿಯನಿಂದ. ಆ ಹಳೆಯ ಕ್ಯಾಸಿಯಸ್ ಕ್ಲೇ ಗುಲಾಮಗಿರಿಯ ವಿರುದ್ಧ ಪತ್ರಿಕೆ ನಡೆಸಿದವನು. ಕಪ್ಪು ಕುಟುಂಬವೊಂದು ಗೌರವದಿಂದ ಇಟ್ಟುಕೊಂಡ ಹೆಸರು ಅದು. ಆದರೂ ಅಲಿಗೆ ಅದು ತನ್ನದು ಅನ್ನಿಸಲಿಲ್ಲ. ಅವನ ಮಾತಿನ ಮುಂದೆ ವಾದ ಹೂಡಲು ನನಗೆ ಮನಸ್ಸಿಲ್ಲ. ಹೆಸರನ್ನು ಹೊತ್ತು ತಿರುಗುವವನಿಗೆ ಗೊತ್ತು ಅದು ಎಲ್ಲಿ ಒತ್ತುತ್ತದೆ ಎಂದು.

ಇದನ್ನೆಲ್ಲ ಓದಿದ ಮೇಲೆ ಕೆಲವು ದಿನ ಆ ಪಟ್ಟಿಯನ್ನು ತೆರೆಯಲೇ ಇಲ್ಲ. ಆಮೇಲೆ ನಮ್ಮ ಕರಾವಳಿ ನೆನಪಾಯಿತು. ಮಂಗಳೂರು, ಉಡುಪಿ, ಕಾರ್ಕಳದ ಕಡೆ ಬೆಳೆದವರಿಗೆ ರೋಮನ್ ಹೆಸರುಗಳು ಹೊರಗಿನವಲ್ಲ. ಫೆಲಿಕ್ಸ್, ಲಾರೆನ್ಸ್, ವಲೇರಿಯನ್, ಸಿಸಿಲಿಯಾ, ಫ್ಲಾವಿಯಾ. ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳೇ ಒಬ್ಬಳು ಫ್ಲಾವಿಯಾ. ಅವಳ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹೆಸರು ಮಾತ್ರ ರೋಮಿನದು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಗೋವಾದಿಂದ ಬಂದು ನೆಲೆಸಿದ ಕ್ಯಾಥೊಲಿಕ್ ಕುಟುಂಬಗಳ ಜೊತೆ ಈ ಹೆಸರುಗಳು ನಮ್ಮ ಊರಿಗೆ ಬಂದವು. ಅವನ್ನು ಹೊತ್ತು ತಂದದ್ದು ಸೀಸರ್ ಅಲ್ಲ, ಸಂತರು. ಕಾರ್ಕಳದ ಅತ್ತೂರು ಜಾತ್ರೆಗೆ ಎಲ್ಲ ಜಾತಿ, ಧರ್ಮದವರೂ ಹೋಗುತ್ತಾರಲ್ಲ, ಅಲ್ಲಿಯ ಸಂತ ಲಾರೆನ್ಸರು ಕ್ರಿ.ಶ. 258ರಲ್ಲಿ ರೋಮಿನಲ್ಲಿ ಕೊಲೆಯಾದವರು. ಚರ್ಚಿನ ಸಂಪತ್ತು ಒಪ್ಪಿಸು ಎಂದು ಅಧಿಕಾರಿ ಹೇಳಿದಾಗ ಬಡವರನ್ನು ಕರೆದುಕೊಂಡು ಹೋಗಿ ಮುಂದೆ ನಿಲ್ಲಿಸಿದರು ಎಂಬ ಕಥೆ ಪ್ರಸಿದ್ಧ.

ಇನ್ನೊಬ್ಬಳು ಫೆಲಿಸಿಟಾಸ್. ಕ್ರಿ.ಶ. 203ರಲ್ಲಿ ಉತ್ತರ ಆಫ್ರಿಕಾದ ಕಾರ್ತೇಜ್‌ನಲ್ಲಿ, ಕ್ರೈಸ್ತಳಾದ ತಪ್ಪಿಗೆ ಸೆರೆಯಾದ ಗುಲಾಮ ಹೆಣ್ಣು. ಬಸುರಿಯಾಗಿದ್ದಳು. ಸೆರೆಮನೆಯಲ್ಲೇ ಹೆತ್ತಳು, ಹೆಣ್ಣುಮಗು. ಅದನ್ನು ತನ್ನವರಲ್ಲೊಬ್ಬಳ ಕೈಗಿಟ್ಟು, ದೊಡ್ಡ ಮನೆಯ ಪರ್ಪೆಟುವಾ ಎಂಬ ಇನ್ನೊಬ್ಬ ಯುವತಾಯಿಯ ಜೊತೆ ಕಾಡುಪ್ರಾಣಿಗಳ ಮುಂದೆ ಹೋದಳು. ಕ್ಯಾಥೊಲಿಕ್ ಬಲಿಪೂಜೆಯ ಹಳೆಯ ಪ್ರಾರ್ಥನೆಯೊಂದರಲ್ಲಿ ಕೆಲವು ಹೆಂಗಸರ ಹೆಸರು ಸಾಲಾಗಿ ಬರುತ್ತದೆ: ಫೆಲಿಸಿಟಿ, ಪರ್ಪೆಟುವಾ, ಆಗತಾ, ಲೂಸಿ, ಆಗ್ನೆಸ್, ಸಿಸಿಲಿಯಾ, ಅನಸ್ತಾಸಿಯಾ. ಮೊದಲು ಬರುವುದು ಗುಲಾಮಳ ಹೆಸರು, ಆಮೇಲೆ ಯಜಮಾನಿ ವರ್ಗದವಳದು. ಭಾಗ್ಯ ಎಂಬರ್ಥದ ಆ ಹೆಸರನ್ನು ಯಾರೋ ಕೊಂಡವನು ಇಟ್ಟಿರಬಹುದು. ಅದನ್ನು ತನ್ನದು ಮಾಡಿಕೊಂಡವಳು ಅವಳು. ಮಂಗಳೂರಿನಲ್ಲಿ ಒಂದು ಮಗುವಿಗೆ ಫೆಲಿಕ್ಸ್ ಅಥವಾ ಫೆಲಿಸಿಟಾ ಎಂದು ಜ್ಞಾನಸ್ನಾನ ಮಾಡಿಸುವಾಗ ಆ ಹೆಸರು ಬರುವುದು ಈ ದಾರಿಯಿಂದ, ಸುಲ್ಲಾನ ಬಿರುದಿನಿಂದಲ್ಲ.

ಪಟ್ಟಿಯಲ್ಲಿದ್ದ ಚೇಸರೆ, ಅಂದರೆ ಇಟಾಲಿಯನ್ನಿನ ಸೀಸರ್, ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳಿದೆ: ಬೇಡ. ಸಾಮ್ರಾಜ್ಯದ ಮೇಲಿನ ಮೋಹದಿಂದ ಇಟ್ಟ ಹೆಸರು ಮಗುವಿನ ಮೇಲೆ ಭಾರ ಹೊರಿಸುತ್ತದೆ. ಮುಸೊಲಿನಿಯ ಮರಿಮೊಮ್ಮಗನೊಬ್ಬ 2019ರಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಗೆ ನಿಂತ. ಅವನ ಹೆಸರು ಕಾಯೊ ಜೂಲಿಯೊ ಚೇಸರೆ ಮುಸೊಲಿನಿ. ರೋಮಿನ ಸರ್ವಾಧಿಕಾರಿಯ ಮೂರೂ ಹೆಸರು, ಮೇಲೆ ಇನ್ನೊಬ್ಬ ಸರ್ವಾಧಿಕಾರಿಯದು. ಆಗಸ್ಟಸ್‌ನ ಅಭಿಮಾನಿ ಮಾರ್ಕ್ ಝುಕರ್‌ಬರ್ಗ್ ತನ್ನ ಮಕ್ಕಳಿಗೆ ಮ್ಯಾಕ್ಸಿಮಾ, ಆಗಸ್ಟ್, ಆರೇಲಿಯಾ ಎಂದು ಇಟ್ಟಿದ್ದಾನೆ. ಹೆಸರುಗಳು ಚೆಂದವೇ, ಆ ಮಕ್ಕಳು ತಮ್ಮದಾಗಿ ಮಾಡಿಕೊಳ್ಳಲಿ. ಫ್ರಾನ್ಸಿನಲ್ಲಂತೂ 1803ರ ಕಾನೂನಿನ ಪ್ರಕಾರ ಮಗುವಿಗೆ ಕ್ಯಾಲೆಂಡರಿನಲ್ಲಿ ದಿನದಿನಕ್ಕೆ ಗುರುತು ಮಾಡಿದ ಹೆಸರು (ಹೆಚ್ಚಾಗಿ ಸಂತರದು) ಇಡಬೇಕಿತ್ತು, ಇಲ್ಲವೇ ಪ್ರಾಚೀನ ಇತಿಹಾಸದ ಪ್ರಸಿದ್ಧರ ಹೆಸರು. ಆ ಕಟ್ಟು ಪೂರ್ತಿ ಸಡಿಲವಾದದ್ದು 1993ರಲ್ಲಿ. ಅಷ್ಟು ವರ್ಷ ಅಲ್ಲಿ ಬ್ರೂಟಸ್ ಎಂದು ಇಡಲು ಕಾನೂನಿನ ಅಡ್ಡಿಯಿರಲಿಲ್ಲ, ಅಜ್ಜಿ ಪ್ರೀತಿಯಿಂದ ಕಟ್ಟಿದ ಹೊಸ ಹೆಸರಿಗೆ ಇತ್ತು.

ಗಂಡಾದರೆ ಫೆಲಿಚೆ, ಅಂದರೆ ಅದೇ ಫೆಲಿಕ್ಸ್, ಇಡು ಎಂದು ಅಕ್ಕನ ಮಗಳಿಗೆ ಬರೆದೆ, ಏಕೆ ಎಂದೂ ಬರೆದೆ. ಫೆಲಿಚೆ ಈಗ ಅಲ್ಲಿ ತಾತಂದಿರ ಕಾಲದ ಹೆಸರಂತೆ, ಪರವಾಗಿಲ್ಲ. ಮಾರ್ಕೊ ಕೂಡ ಒಳ್ಳೆಯದೇ. ಹೆಣ್ಣಾದರೆ ಅವಳ ಪಟ್ಟಿಯಲ್ಲಿ ಇಲ್ಲದ ತುಲ್ಲಿಯಾ. ಸಿಸೆರೊನ ಉಡುಗೊರೆಯ ಪತ್ರದ ಕಥೆಯನ್ನೂ ಕಳಿಸಿದೆ. ಅವಳ ಅತ್ತೆಗೆ ಒತ್ತಾವಿಯಾ ಮೇಲೇ ಮನಸ್ಸು, ಅವರ ಅಮ್ಮನ ಹೆಸರು ಅದು. ಅದನ್ನೇ ಇಡುವುದಾದರೂ ನನ್ನದೇನೂ ತಕರಾರಿಲ್ಲ. ಮನೆಯ ಹಿರಿಯಳೊಬ್ಬಳ ನೆನಪಿಗೆ ಇಡುವುದು, ಗಂಡಸಿನ ಕುಲದ ಗುರುತಿಗೆ ಇಡುವುದಕ್ಕಿಂತ ಎಷ್ಟೋ ಮೇಲು. ಒಂದೇ ಒಂದು ಮಾತು ಸೇರಿಸಿದೆ. ಮುಂದೆ ಎರಡನೆಯದೂ ಹೆಣ್ಣಾದರೆ, ಮತ್ತೆ ಇದೇ ರೀತಿ ಕೂತು, ಇಷ್ಟೇ ಜಗಳ ಆಡಿ, ಅವಳಿಗೂ ಅವಳದೇ ಒಂದು ಹೆಸರು ಹುಡುಕಿ ಎಂದು.